ಮೈಬಣ್ಣವೂ ಮೈಕ್ಷೇಮವೂ

ಪಶುವೈದ್ಯನಾಗಿ ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ಸೀಮೆಗಳ ಹಳ್ಳಿಗಳನ್ನು ಸುತ್ತಿದವನು. ಈ ಅವಧಿಯಲ್ಲಿ ನನ್ನ ಕೈಗೆ ಬಂದ ರೋಗಿಗಳೆಂದರೆ ದನ, ಎಮ್ಮೆ, ಕುರಿ, ಮೇಕೆ, ಕೋಳಿ. ಅಪರೂಪಕ್ಕೊಮ್ಮೆ ಸಾಕಿದ ನಾಯಿ. ಹಾವನ್ನು ಕೊಲ್ಲಬಾರದೆಂದು ಕೈಮುಗಿದವರನ್ನು ಕಂಡಿದ್ದೇನೆ, ಹಾವು ಕಚ್ಚಿದ ಎತ್ತನ್ನು ಉಳಿಸಿಕೊಡಿ ಎಂದು ನಡುರಾತ್ರಿ ಬಾಗಿಲು ಬಡಿದವರನ್ನೂ ಕಂಡಿದ್ದೇನೆ. ಆದರೆ ಹಾವನ್ನೇ ರೋಗಿಯೆಂದು ನನ್ನ ಮನೆಯ ಜಗಲಿಗೆ ತಂದವರು ಯಾರೂ ಇರಲಿಲ್ಲ. ನಿವೃತ್ತನಾಗಿ ಹಲವು ವರ್ಷಗಳು ಕಳೆದ ಮೇಲೆ ಅದೂ ಆಯಿತು.

ತಂದವನು ನೆರೆಮನೆಯವರ ಮಗ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದು ಈಗ ಊರಿನಿಂದಲೇ ಕೆಲಸ ಮಾಡುವ ತರುಣ. ಗಾಳಿಯಾಡಲು ತೂತುಗಳಿದ್ದ ಪೆಟ್ಟಿಗೆಯ ಮುಚ್ಚಳವನ್ನು ತೆರೆದಾಗ ಒಳಗಿದ್ದದ್ದು ಜೇನಿನ ಬಣ್ಣದ, ಮೂರಡಿ ಮೀರದ ಒಂದು ಹೆಬ್ಬಾವು. ಬೆನ್ನಿನ ಮೇಲೆ ಮಸಿಯ ನೂಲಿನಿಂದ ಬಲೆ ನೇಯ್ದಂತೆ ಸಣ್ಣ ಗೆರೆಗಳು. ನಿಜವಾಗಿ ಚೆಲುವಾದ ಪ್ರಾಣಿ. ಆದರೆ ತಲೆಯನ್ನು ಎತ್ತಿದೊಡನೆಯೇ ಅದು ನಡುಗಲಾರಂಭಿಸಿತು. ಕತ್ತು ಒಂದು ಪಕ್ಕಕ್ಕೆ ತಿರುಚಿ, ಮೆಲ್ಲಗೆ ಸುತ್ತಿ, ಗಲ್ಲ ಮೇಲಾಗಿ ನಿಂತಿತು. "ಇದು ಆಡುತ್ತದೆ ಸಾರ್, ಈ ಜಾತಿಯ ಸ್ವಭಾವವೇ ಹೀಗೆ ಎಂದು ಮಾರಿದವನು ಹೇಳಿದ" ಎಂದ ತರುಣ. ಇಲಿಯನ್ನು ಮುಂದಿಟ್ಟರೆ ಗುರಿ ತಪ್ಪಿ ಪೆಟ್ಟಿಗೆಯ ಗೋಡೆಗೆ ಬಾಯಿ ಹಾಕುತ್ತದಂತೆ. ಅವನಿಗೆ ಎರಡು ಪ್ರಶ್ನೆಗಳಿದ್ದವು: ಇದಕ್ಕೆ ಔಷಧ ಉಂಟೆ? ಇದಕ್ಕೊಂದು ಜೊತೆ ತಂದು ಮರಿ ಮಾಡಿಸಬಹುದೆ?

ಆ ಎರಡು ಪ್ರಶ್ನೆಗಳಿಗೆ ನಾನು ಕೊಟ್ಟ ಉತ್ತರವನ್ನೂ, ನಲವತ್ತು ವರ್ಷಗಳ ಹಿಂದೆ ಅಂಥದೇ ಪ್ರಶ್ನೆಗೆ ನಾನು ಕೊಡದೆ ನುಂಗಿಕೊಂಡ ಉತ್ತರವನ್ನೂ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ಹಾವಿನ ವಿಷಯಕ್ಕೆ ಹೋಗುವ ಮೊದಲು, ನಮ್ಮ ಸೀಮೆಯವರೆಲ್ಲ ಬಲ್ಲ ಒಂದು ಪ್ರಾಣಿಯಿಂದ ಮಾತನ್ನು ಪ್ರಾರಂಭಿಸುವುದು ಲೇಸು.

ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರಿನ ಕಾಡಿನಲ್ಲಿ ಕರಿಚಿರತೆಯೊಂದು ಕೆಲವು ವರ್ಷಗಳಿಂದ ದೇಶವಿದೇಶಗಳ ಛಾಯಾಗ್ರಾಹಕರನ್ನು ಸೆಳೆದಿರುವ ಸಂಗತಿ ನಿಮಗೆ ತಿಳಿದೇ ಇದೆ. ಅದು ಬೇರೆ ಜಾತಿಯ ಮೃಗವೆಂದು ನಂಬಿದವರು ಈಗಲೂ ಇದ್ದಾರೆ. ಹಾಗಲ್ಲ, ಅದು ಚಿರತೆಯೇ. ಓರೆಬಿಸಿಲು ಬಿದ್ದಾಗ ಕಪ್ಪಿನೊಳಗೆ ಚುಕ್ಕೆಗಳೂ ಕಾಣುತ್ತವೆ. ಮೈಯಲ್ಲಿ ಕಪ್ಪು ವರ್ಣದ್ರವ್ಯ ಎಷ್ಟು ಇರಬೇಕೆಂದು ಅಂಕೆಯಿಡುವ ಒಂದು ಜೀನಿನಲ್ಲಿ ಆದ ವ್ಯತ್ಯಾಸವೇ ಅದಕ್ಕೆ ಕಾರಣ. ಪ್ರತಿ ಮರಿಗೂ ಪ್ರತಿ ಜೀನಿನ ಎರಡು ಪ್ರತಿಗಳು ಬರುತ್ತವೆ, ತಾಯಿಯಿಂದ ಒಂದು, ತಂದೆಯಿಂದ ಒಂದು. ಚಿರತೆಯಲ್ಲಿ ಈ ಕಪ್ಪಿನ ಗುಣ ಸುಪ್ತವಾದದ್ದು. ಎರಡು ಪ್ರತಿಗಳೂ ಬದಲಾಗಿದ್ದರೆ ಮಾತ್ರ ಮೈ ಕಪ್ಪಾಗುತ್ತದೆ. ಆದುದರಿಂದಲೇ ಚುಕ್ಕೆಯ ಚಿರತೆಗಳಿಬ್ಬರಿಗೆ ಒಮ್ಮೊಮ್ಮೆ ಕರಿಯ ಮರಿ ಹುಟ್ಟುವುದುಂಟು. 1866ರಲ್ಲಿ ಮೆಂಡೆಲ್ ಬಟಾಣಿ ಗಿಡಗಳನ್ನು ಎಣಿಸಿ ಪ್ರಕಟಿಸಿದ ಲೆಕ್ಕವೇ ಕಬಿನಿಯ ಕಾಡಿನಲ್ಲೂ ನಡೆಯುತ್ತದೆ.

ಈ ಕರಿಚಿರತೆಯನ್ನು ಬಣ್ಣಕ್ಕಾಗಿ ಆರಿಸಿ ಬೆಳೆಸಿದವರು ಯಾರೂ ಇಲ್ಲ ಎಂಬುದನ್ನು ಗಮನಿಸಬೇಕು. ಅದು ಜಿಂಕೆಯನ್ನು ಹಿಡಿಯಬೇಕು, ಹುಲಿಯಿಂದ ತಪ್ಪಿಸಿಕೊಳ್ಳಬೇಕು, ತನ್ನ ನೆಲವನ್ನು ಕಾಯ್ದುಕೊಳ್ಳಬೇಕು. ಬಣ್ಣದ ಜೊತೆಗೆ ಕಣ್ಣಿನ ಕುಂದೋ ಕಾಲಿನ ಕುಂದೋ ಬಂದಿದ್ದರೆ ಕಾಡು ಅದನ್ನು ಬಹುಕಾಲ ಉಳಿಸುತ್ತಿರಲಿಲ್ಲ. ಲೋಕದ ಚಿರತೆಗಳಲ್ಲಿ ನೂರಕ್ಕೆ ಸುಮಾರು 11 ಕಪ್ಪಗಿವೆಯೆಂದು ವಿಜ್ಞಾನಿಗಳು ಅಂದಾಜು ಮಾಡಿದ್ದಾರೆ. ಮಲಯ ದ್ವೀಪಕಲ್ಪದ ದಟ್ಟ ಮಳೆಕಾಡುಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಕಪ್ಪೇ. ಕತ್ತಲೆಗಾಡಿನ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಣ್ಣ ಅದು.

ಇದರ ಎದುರಿಗೆ ಬಿಳಿಹುಲಿಯನ್ನು ನಿಲ್ಲಿಸಿ ನೋಡೋಣ. ಮೈಸೂರಿನ ಮೃಗಾಲಯದಲ್ಲಿ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಳಿಹುಲಿಯನ್ನು ತೋರಿಸಿದ ತಂದೆಯರಲ್ಲಿ ನಾನೂ ಒಬ್ಬ. 1951ರಲ್ಲಿ ರೇವಾ ಸಂಸ್ಥಾನದ ಮಹಾರಾಜ ಮಾರ್ತಾಂಡ ಸಿಂಹರು ಒಂದು ಬಿಳಿಯ ಹುಲಿಮರಿಯನ್ನು ಹಿಡಿಸಿ, ಮೋಹನನೆಂದು ಹೆಸರಿಟ್ಟು, ಗೋವಿಂದಗಢದ ಅರಮನೆಯಲ್ಲಿ ಸಾಕಿದರು. ಸಾಮಾನ್ಯ ಬಣ್ಣದ ಹೆಣ್ಣುಹುಲಿಯೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳೆಲ್ಲ ಸಾಮಾನ್ಯವಾಗಿಯೇ ಇದ್ದವು. ಬಳಿಕ ಮೋಹನನನ್ನು ಅದರದೇ ಮಗಳಾದ ರಾಧಾಳೊಡನೆ ಕೂಡಿಸಿದರು. 1958ರಲ್ಲಿ ನಾಲ್ಕು ಬಿಳಿಯ ಮರಿಗಳು ಹುಟ್ಟಿದವು. ಮುಂದೆ ಮೃಗಾಲಯಗಳು ಬಿಳಿಯ ಮರಿಗಳನ್ನು ಪಡೆಯಲು ಅನುಸರಿಸಿದ ಮಾರ್ಗ ಬಹುಮಟ್ಟಿಗೆ ಇದೇ: ತಂದೆಗೆ ಮಗಳು, ಅಣ್ಣನಿಗೆ ತಂಗಿ. ಆ ಬಣ್ಣಕ್ಕೆ ಕಾರಣವಾದ ಜೀನನ್ನು 2013ರಲ್ಲಿ ಚೀನದ ವಿಜ್ಞಾನಿಗಳು ಗುರುತಿಸಿದರು. ಅದರಲ್ಲಿ ಆಗಿರುವುದು ಒಂದೇ ಒಂದು ಸಣ್ಣ ಬದಲಾವಣೆ.

ಬಿಳಿಹುಲಿಗಳಲ್ಲಿ ಮೆಳ್ಳೆಗಣ್ಣು ಕಾಣಿಸಿಕೊಳ್ಳುವುದು ಅದೇ ಬದಲಾವಣೆಗೆ ಅಂಟಿಕೊಂಡ ತೊಡಕು. ಭ್ರೂಣದಲ್ಲಿ ಕಣ್ಣಿನಿಂದ ಮಿದುಳಿಗೆ ನರಗಳು ಹಾದಿ ಹಿಡಿಯುವಾಗ ವರ್ಣದ್ರವ್ಯದ ಪಾತ್ರವೂ ಉಂಟು; ಅದು ಕಡಿಮೆಯಾದರೆ ಕೆಲವು ನರಗಳು ತಪ್ಪು ಬದಿಗೆ ಹೋಗಿ ಸೇರುತ್ತವೆ. ಇದಕ್ಕೆ ರಕ್ತಸಂಬಂಧದ ಕೂಡಿಕೆಯಿಂದ ಬರುವ ಇತರ ಕುಂದುಗಳು ಬೇರೆ ಸೇರಿದವು. ಅಮೆರಿಕದ ಮೃಗಾಲಯಗಳ ಸಂಘವು 2011ರಲ್ಲಿ ತನ್ನ ಸದಸ್ಯರಿಗೆ ಬಣ್ಣಕ್ಕಾಗಿ ಹುಲಿಸಿಂಹಗಳನ್ನು ಬೆಳೆಸುವುದನ್ನು ನಿಲ್ಲಿಸಿರೆಂದು ಹೇಳಿತು. ನಾವು ಮಕ್ಕಳಿಗೆ ತೋರಿಸಿ ಚಪ್ಪಾಳೆ ತಟ್ಟಿಸಿದ ಬಿಳುಪಿನ ಹಿಂದೆ ಇಷ್ಟು ಕಥೆಯಿತ್ತು.

ಈಗ ಆ ತರುಣನ ಪೆಟ್ಟಿಗೆಗೆ ಬರೋಣ. ಅದರಲ್ಲಿದ್ದದ್ದು ನಾಗರಹೊಳೆಯ ಕಾಡಿನಲ್ಲಿರುವ ನಮ್ಮ ಹೆಬ್ಬಾವಲ್ಲ. ನಮ್ಮದನ್ನು ಮನೆಯಲ್ಲಿಡುವುದೇ ಅಪರಾಧ. ಇದು ಪಶ್ಚಿಮ ಆಫ್ರಿಕದ ಘಾನಾ, ಟೋಗೋ, ಬೆನಿನ್ ಮೊದಲಾದ ನಾಡುಗಳ ಕಿರಿಯ ಹೆಬ್ಬಾವು. ಹೆದರಿದಾಗ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುರುಳಿಯಾಗುವುದರಿಂದ ಬಾಲ್ ಪೈಥಾನ್ ಎಂದು ಹೆಸರು. ಸಾಧು ಸ್ವಭಾವ, ಸಣ್ಣ ಮೈ, ಇಪ್ಪತ್ತು ಮೂವತ್ತು ವರ್ಷದ ಆಯುಷ್ಯ: ಸಾಕುವವರ ಕಣ್ಣಿಗೆ ಬೀಳಲು ಇಷ್ಟು ಸಾಕು. 1992ರಲ್ಲಿ ಅಮೆರಿಕದಲ್ಲಿ ಬೆಳ್ಳುಹಳದಿಯ ಆಲ್ಬಿನೋ ಮರಿಗಳನ್ನು ಮೊದಲು ಪಡೆದ ಮೇಲೆ ಬಣ್ಣದ ಬೇಟೆ ಆರಂಭವಾಯಿತು. ಇಂದು ಒಂದು ಜೀನಿನೊಡನೆ ಇನ್ನೊಂದನ್ನು ಬೆರೆಸಿ ಪಡೆದ ಬಣ್ಣಗಳು ಸಾವಿರಾರು. ಅವುಗಳ ಹೆಸರುಗಳನ್ನು ಕೇಳಿದರೆ ಬೇಕರಿಯ ಮುಂದೆ ನಿಂತಂತಾಗುತ್ತದೆ: ಕ್ಯಾರಮೆಲ್, ಸಿನ್ನಮನ್, ಷಾಂಪೇನ್.

ನಾನು ಕಂಡದ್ದು ಸ್ಪೈಡರ್ ಎಂಬುದು, ಎಂದರೆ ಜೇಡ. 1999ರಲ್ಲಿ ಅಮೆರಿಕದ ಸಾಕಣೆಗಾರನೊಬ್ಬ ಆಫ್ರಿಕದಿಂದ ಬಂದ ಒಂದೇ ಒಂದು ಹಾವಿನಿಂದ ಈ ವಂಶವನ್ನು ಬೆಳೆಸಿದ. ಇದರ ಗುಣ ಕರಿಚಿರತೆಯದರಂತೆ ಸುಪ್ತವಲ್ಲ, ಪ್ರಬಲ. ಒಂದು ಪ್ರತಿಯಿದ್ದರೂ ಸಾಕು, ಬಲೆಯ ಚಿತ್ರ ಮೂಡುತ್ತದೆ. ಸಾಮಾನ್ಯ ಹಾವಿನೊಡನೆ ಕೂಡಿಸಿದರೆ ಮರಿಗಳಲ್ಲಿ ಸುಮಾರು ಅರ್ಧ ಜೇಡವೇ ಆಗಿ ಹೊರಬರುತ್ತವೆ. ವ್ಯಾಪಾರಿಗೆ ಇದಕ್ಕಿಂತ ಅನುಕೂಲವಾದ ಲೆಕ್ಕ ಉಂಟೆ? ಆದರೆ ಎರಡು ಪ್ರತಿಗಳೂ ಇರುವ ಜೇಡ ಬದುಕಿ ಬೆಳೆದದ್ದಿಲ್ಲ. ಅಂಥ ಭ್ರೂಣ ಮೊಟ್ಟೆಯಲ್ಲಿಯೇ ನಶಿಸುತ್ತದೆಂದು ತಿಳಿದವರು ಹೇಳುತ್ತಾರೆ. ಒಂದು ಪ್ರತಿಯಿರುವವುಗಳಿಗೆ ಹೆಚ್ಚೋ ಕಡಿಮೆಯೋ ಆ ನಡುಕ ತಪ್ಪಿದ್ದಲ್ಲ. ಕೆಲವು ತಲೆಯನ್ನು ತುಸು ಅಲುಗಿಸಿ ಸುಮ್ಮನಾಗುತ್ತವೆ. ಕೆಲವು ಸ್ಕ್ರೂವಿನಂತೆ ತಿರುಚಿಕೊಂಡು ಬೆನ್ನಡಿಯಾಗಿ ಬೀಳುತ್ತವೆ. ತಂದೆತಾಯಿಗಳ ನಡುಕ ಕಡಿಮೆಯಿತ್ತೆಂದು ಮರಿಗಳದೂ ಕಡಿಮೆಯಾಗುವ ಭರವಸೆಯಿಲ್ಲ.

ಬಹುಕಾಲ ಇದನ್ನು ನರದ ಕಾಯಿಲೆಯೆಂದೂ, ಸಾಕುವವರ ಅಜಾಗ್ರತೆಯೆಂದೂ, ಏನೂ ಅಲ್ಲವೆಂದೂ ವಾದಿಸುತ್ತಿದ್ದರು. 2022ರಲ್ಲಿ ಜರ್ಮನಿಯ ವಿಜ್ಞಾನಿಗಳು ಸೂಕ್ಷ್ಮ ಕ್ಷಕಿರಣ ಯಂತ್ರದಿಂದ ಈ ಹಾವುಗಳ ತಲೆಬುರುಡೆಯೊಳಗನ್ನು ನೋಡಿದರು. ಹಾವಿಗೆ ಹೊರಗಿವಿಯಿಲ್ಲ, ಒಳಗಿವಿ ಉಂಟು. ನಮ್ಮಲ್ಲಿರುವಂತೆಯೇ ಅಲ್ಲಿಯೂ ದ್ರವ ತುಂಬಿದ ಮೂರು ಅರ್ಧವರ್ತುಲ ನಾಳಗಳೂ ಪುಟ್ಟ ಚೀಲಗಳೂ ಇವೆ; ಮೇಲು ಯಾವುದು, ಕೆಳಗು ಯಾವುದು, ತಲೆ ಯಾವ ಕಡೆಗೆ ತಿರುಗಿತು ಎಂಬುದನ್ನು ಮಿದುಳಿಗೆ ತಿಳಿಸುವ ಅಂಗ ಅದು. ಜೇಡಹಾವುಗಳಲ್ಲಿ ಆ ನಾಳಗಳು ಆಕಾರಗೆಟ್ಟಿದ್ದವು, ಚೀಲ ವಿರೂಪವಾಗಿತ್ತು. ಎಂದರೆ ನಾವು ನೃತ್ಯವೆಂದದ್ದು ತಲೆಸುತ್ತು. ಅದೂ ಹುಟ್ಟಿನಿಂದ ಸಾವಿನವರೆಗೂ ಇಳಿಯದ ತಲೆಸುತ್ತು.

ಚರ್ಮದ ಬಣ್ಣಕ್ಕೂ ಕಿವಿಯ ನಾಳಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಭ್ರೂಣದಲ್ಲಿ ಮುಂದೆ ಬೆನ್ನಹುರಿಯಾಗುವ ಭಾಗದ ಏಣಿನಲ್ಲಿ ಕೆಲವು ಕೋಶಗಳು ಹುಟ್ಟಿ, ವಲಸೆ ಹೊರಟು, ಮೈಯೆಲ್ಲ ಚದುರುತ್ತವೆ. ಅವುಗಳಲ್ಲಿ ಕೆಲವು ಚರ್ಮಕ್ಕೆ ಬಣ್ಣ ಕೊಡುತ್ತವೆ, ಕೆಲವು ನರಗಳಾಗುತ್ತವೆ, ಕೆಲವು ಒಳಗಿವಿಯಲ್ಲಿ ನೆಲೆಸುತ್ತವೆ. ಒಂದೇ ಮನೆಯಿಂದ ಹೊರಟ ಅಣ್ಣತಮ್ಮಂದಿರು ಎನ್ನಿ. ಆ ಮನೆಯ ಅಪ್ಪಣೆಯನ್ನೇ ತಿದ್ದಿದರೆ ಒಬ್ಬನ ಬಾಳು ಮಾತ್ರ ಬದಲಾಗುವುದಿಲ್ಲ. ನೀಲಿಗಣ್ಣಿನ ಬಿಳಿಯ ಬೆಕ್ಕುಗಳು ಸಾಮಾನ್ಯವಾಗಿ ಕಿವುಡೆಂದು ಡಾರ್ವಿನ್ ಬಹು ಹಿಂದೆಯೇ ಬರೆದಿದ್ದ. ಕಾರಣ ಆಗ ಅವನಿಗೆ ತಿಳಿದಿರಲಿಲ್ಲ. ಸಂಬಂಧ ಕಣ್ಣಿಗೆ ಬಿದ್ದಿತ್ತು.

ನ್ಯಾಯವಾಗಿ ಹೇಳುವುದಾದರೆ ಎಲ್ಲ ಬಣ್ಣಗಳೂ ಕೇಡಲ್ಲ. ಆಲ್ಬಿನೋ, ಬಿಳಿತೇಪೆಯ ಪೈಬಾಲ್ಡ್ ಮೊದಲಾದವು ಬಹುಮಟ್ಟಿಗೆ ನೆಟ್ಟಗೆ ಬದುಕುತ್ತವೆ. ಆದರೆ ಷಾಂಪೇನ್, ವೋಮಾ ಎಂಬುವಕ್ಕೂ ನಡುಕ ಉಂಟು. ಕ್ಯಾರಮೆಲ್ ಮರಿಗಳಲ್ಲಿ ಬೆನ್ನೆಲುಬು ಡೊಂಕಾಗುವುದನ್ನು ಸಾಕಣೆಗಾರರೇ ಹೇಳಿದ್ದಾರೆ. ಸಿನ್ನಮನ್ ಜೀನಿನ ಎರಡು ಪ್ರತಿ ಬಂದರೆ ಮೈಯೆಲ್ಲ ಸೊಗಸಾದ ಕಪ್ಪು, ಮೂತಿ ಮಾತ್ರ ಬಾತಿನ ಕೊಕ್ಕಿನಂತೆ. ಡೆಸರ್ಟ್ ಎಂಬ ಬಣ್ಣದ ಹೆಣ್ಣುಗಳು ಮೊಟ್ಟೆಯಿಡುವಲ್ಲಿ ಸೋಲುತ್ತವೆ. ಆದುದರಿಂದ ಬಣ್ಣವನ್ನು ಮೆಚ್ಚುವುದು ತಪ್ಪೆಂದು ನಾನು ಹೇಳಲಾರೆ. ಯಾವ ಬಣ್ಣ ಯಾವ ಅಂಗದ ಲೆಕ್ಕದಲ್ಲಿ ಬಂದಿದೆಯೆಂದು ವಿಚಾರಿಸದೆ ಇರುವುದು ತಪ್ಪು. ವಿಚಾರಿಸಲು ಹಾವನ್ನು ನೋಯಿಸಬೇಕಾದ್ದೂ ಇಲ್ಲ. ಅಮೆರಿಕದ ವಿಶ್ವವಿದ್ಯಾನಿಲಯವೊಂದರಲ್ಲಿ ಅಧ್ಯಾಪಕಿಯೊಬ್ಬರು ವಿದ್ಯಾರ್ಥಿಗಳನ್ನು ಕೂಡಿಕೊಂಡು, ಸಾಕುವವರು ಕಳುಹಿಸಿಕೊಟ್ಟ ಹಾವಿನ ಪೊರೆಗಳಿಂದಲೇ ಮೂರು ಬಣ್ಣಗಳ ಜೀನುಗಳನ್ನು 2022ರಲ್ಲಿ ಗುರುತಿಸಿದರು. ನಮ್ಮ ಬೇಲಿಸಾಲಿನಲ್ಲಿ ಗಾಳಿಗೆ ತೂಗಾಡುವ ಪೊರೆಯನ್ನು ಕಂಡು ಮಕ್ಕಳು ಹೆದರುತ್ತಾರೆ. ಅದರಲ್ಲಿ ಇಡೀ ವಂಶಚರಿತ್ರೆ ಬರೆದಿರುತ್ತದೆ.

ಇಲ್ಲಿಯವರೆಗೆ ಪರದೇಶದ ಮಾತಾಯಿತು. ತಳಿ ಬೆಳೆಸುವ ಕಲೆ ನಮ್ಮ ಸೀಮೆಗೆ ಹೊಸದೇನಲ್ಲ. ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿ ಎಂಬ ಹೆಸರಿನಿಂದ ಸಂಘಟಿಸಿದ ಅರಮನೆಯ ದನಗಳಿಗೆ ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟ. ಬಳಿಕ ಬ್ರಿಟಿಷರ ಕಾಲದಲ್ಲಿ ಅದರ ಕಾರ್ಯಸ್ಥಾನ ಹುಣಸೂರಿನಲ್ಲಿತ್ತು. ಮಿತವ್ಯಯದ ನೆಪದಲ್ಲಿ 1860ರಲ್ಲಿ ಅದನ್ನು ಮುಚ್ಚಿ ದನಗಳನ್ನು ಮಾರಿದರು. ಸೈನ್ಯದ ಬಂಡಿಗಳಿಗೆ ಎತ್ತು ಸಿಗದೆ ಪೇಚಾಡಿ 1866ರಲ್ಲಿ ಮತ್ತೆ ತೆರೆದರು. 1882ರಲ್ಲಿ ಮೈಸೂರು ಸರ್ಕಾರದ ವಶಕ್ಕೆ ಕೊಟ್ಟರು. ಆ ಎತ್ತುಗಳು ಹೆಸರಾದದ್ದು ತೋಪು ಎಳೆದುಕೊಂಡು ದಣಿವಿಲ್ಲದೆ ನಡೆಯುವ ನಡಿಗೆಗೆ. ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗದ ತಳಿಗಳ ರಕ್ತ ಅದರಲ್ಲಿ ಬೆರೆತಿತ್ತು.

ಸಂಕ್ರಾಂತಿಯ ಸುಮಾರಿಗೆ ಕಾವೇರಿಯ ದಡದ ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹಳೆಯ ರೈತ ಎತ್ತು ಕೊಳ್ಳುವುದನ್ನು ನೋಡಿದ್ದೀರಾ? ಸುಳಿ ನೋಡುತ್ತಾನೆ, ಬಣ್ಣ ನೋಡುತ್ತಾನೆ, ಇಲ್ಲವೆನ್ನಲಾರೆ. ಆದರೆ ಹಲ್ಲು ಬಿಡಿಸಿ ನೋಡುತ್ತಾನೆ, ಗೊರಸು ಎತ್ತಿ ನೋಡುತ್ತಾನೆ, ಕೊನೆಗೆ ಹಗ್ಗ ಹಿಡಿದು ನಾಲ್ಕು ಹೆಜ್ಜೆ ನಡೆಸಿ ನೋಡದೆ ಹಣ ಎಣಿಸುವುದಿಲ್ಲ. ಆ ನಾಲ್ಕು ಹೆಜ್ಜೆಯನ್ನು ಪೆಟ್ಟಿಗೆಯ ಹಾವನ್ನು ಕೊಳ್ಳುವವನು ಕೇಳುವುದಿಲ್ಲ. ಚಿತ್ರ ನೋಡಿ ಹಣ ಕಳಿಸುತ್ತಾನೆ. ಚಿತ್ರದಲ್ಲಿ ನಡುಕ ಕಾಣುವುದಿಲ್ಲ.

ಇಷ್ಟು ಹೇಳಿ ನಮ್ಮವರೆಲ್ಲ ಜಾಣರೆಂದು ಮುಗಿಸಿದರೆ ಅದು ಸುಳ್ಳಾಗುತ್ತದೆ. ನನ್ನ ಉದ್ಯೋಗದ ಮೊದಲ ವರ್ಷಗಳಲ್ಲಿ, ಕೃಷ್ಣರಾಜನಗರದ ಕಡೆಯ ಒಂದು ಹಳ್ಳಿಯಲ್ಲಿ, ಗೌರವಸ್ಥ ರೈತರೊಬ್ಬರ ಬಳಿ ಹಾಲಿನ ಬಣ್ಣದ ಒಂದು ಹೋರಿಯಿತ್ತು. ಮೈಮೇಲೆ ಒಂದು ಮಚ್ಚೆಯಿಲ್ಲ. ಕೊಂಬು ಮಾತ್ರ ಕಪ್ಪು. ಹತ್ತು ಜನರ ಮುಂದೆ ಅದನ್ನು ಬಾಯಿತುಂಬ ಹೊಗಳಿದವನು ನಾನೇ. ಆ ಬಣ್ಣ ಕೆಡಬಾರದೆಂದು ಅವರು ಹೋರಿಯ ಹೆಣ್ಣುಕರುಗಳಿಗೆ ಅದೇ ಹೋರಿಯನ್ನು ಬಿಡಿಸಿದರು. ಒಂದು ಕರು ಮುಂಗಾಲು ಮಡಚಿಕೊಂಡೇ ಹುಟ್ಟಿತು, ಮರುವರ್ಷ ಇನ್ನೊಂದು. ಎರಡೂ ಹಾಲಿನ ಬಣ್ಣದವೇ. "ಏಕೆ ಹೀಗಾಯಿತು ಡಾಕ್ಟರೆ?" ಎಂದು ಅವರು ಕೇಳಿದರು. ಕಾಲೇಜಿನಲ್ಲಿ ಆ ಪಾಠವನ್ನು ಓದಿ ಬಂದು ಇನ್ನೂ ಮೂರು ವರ್ಷ ಆಗಿರಲಿಲ್ಲ. ತಂದೆಗೆ ಮಗಳನ್ನು ಕೂಡಿಸಿದರೆ ಇಬ್ಬರಲ್ಲೂ ಅಡಗಿದ್ದ ಸುಪ್ತದೋಷ ಒಂದುಗೂಡಿ ಹೊರಬೀಳುವ ಸಂಭವ ಹೆಚ್ಚು ಎಂದು ಹೇಳಬೇಕಾಗಿತ್ತು. ಹೋರಿಯನ್ನು ಹೊಗಳಿದ ನಾಲಗೆ ಅಷ್ಟು ಹೇಳಲು ಏಳಲಿಲ್ಲ. "ಲವಣಾಂಶ ಕಡಿಮೆಯಾಗಿದೆ" ಎಂದು ಒಂದು ಪುಡಿಯನ್ನು ಬರೆದುಕೊಟ್ಟು ಬಂದೆ.

ಮೂರನೆಯ ಕರುವೂ ಹಾಗೆಯೇ ಹುಟ್ಟಿತು. ಹುಣಸೆಯ ಮರದಡಿಯಲ್ಲಿ ಅದು ಏಳಲು ಮಾಡುತ್ತಿದ್ದ ಪ್ರಯತ್ನವನ್ನೂ, ತಾಯಿ ಅದರ ಮೊಣಕಾಲನ್ನು ನೆಕ್ಕುತ್ತ ನಿಂತಿದ್ದುದನ್ನೂ ನಾನು ಮರೆತಿಲ್ಲ. ಪುಡಿಯನ್ನು ತಪ್ಪದೆ ತಿನ್ನಿಸಿದೆನೆಂದು ಆ ರೈತರು ನನಗೆ ವರದಿ ಒಪ್ಪಿಸಿದರು. ಮುಂದಿನ ಜಾತ್ರೆಯಲ್ಲಿ ಅವರು ಹೋರಿಯನ್ನು ಒಳ್ಳೆಯ ಬೆಲೆಗೆ ಮಾರಿದರೆಂದು ಕೇಳಿದೆ. ಅದು ಯಾವ ಊರಿಗೆ ಹೋಯಿತೋ, ಅಲ್ಲಿ ಎಷ್ಟು ಕೊಟ್ಟಿಗೆಗಳಿಗೆ ನನ್ನ ಮೌನವನ್ನು ಹೊತ್ತೊಯ್ದಿತೋ.

ಆದ್ದರಿಂದ ಈ ಸಲ ಜಗಲಿಯ ಮೇಲೆ ಕೂರಿಸಿ ಆ ತರುಣನಿಗೆ ಸಂಗತಿಯನ್ನು ಸಂಗತಿಯಾಗಿಯೇ ಹೇಳಿದೆ. ಇದಕ್ಕೆ ಔಷಧವಿಲ್ಲ, ಅಂಗವೇ ಹಾಗೆ ರೂಪುಗೊಂಡಿದೆ. ಅತಿ ಸೆಕೆ, ಗದ್ದಲ, ಪದೇಪದೇ ಕೈಗೆತ್ತಿಕೊಳ್ಳುವುದು ನಡುಕವನ್ನು ಹೆಚ್ಚಿಸುತ್ತವೆ, ಅವನ್ನು ತಪ್ಪಿಸಬಹುದು. ಏರುವ ಕೊಂಬೆಗಳನ್ನು ತೆಗೆದು ಹಾಕು, ಬಿದ್ದರೆ ಪೆಟ್ಟಾಗುತ್ತದೆ. ಆಹಾರವನ್ನು ಇಕ್ಕಳದಲ್ಲಿ ಬಾಯಿಯ ಸಮೀಪಕ್ಕೆ ಹಿಡಿ. ಜೊತೆ ಮಾತ್ರ ತರಬೇಡ. ತಂದರೆ ಹುಟ್ಟುವ ಮರಿಗಳಲ್ಲಿ ಅರ್ಧ ಹೀಗೆಯೇ ಹುಟ್ಟುತ್ತವೆ, ಅವನ್ನು ನೀನು ಮಾರುತ್ತೀಯೆ, ಕೊಂಡವನಿಗೆ "ಸ್ವಭಾವವೇ ಹೀಗೆ" ಎಂದು ನೀನೂ ಹೇಳಬೇಕಾಗುತ್ತದೆ.

ಅವನು ಕಾನೂನಿನ ಮಾತೆತ್ತಿದ. ಪರದೇಶದ ಇಂಥ ಪ್ರಾಣಿಗಳನ್ನು ಸಾಕುವವರು ಸರ್ಕಾರದಲ್ಲಿ ನೋಂದಾಯಿಸಬೇಕು, ಮರಿಯಾದರೆ ಅದನ್ನೂ ತಿಳಿಸಬೇಕು ಎಂಬ ನಿಯಮ 2022ರ ವನ್ಯಜೀವಿ ಕಾಯಿದೆಯ ತಿದ್ದುಪಡಿಯ ಅನಂತರ, 2024ರಿಂದ ಜಾರಿಯಲ್ಲಿದೆ, ಅವನು ನೋಂದಾಯಿಸಿದ್ದ. ಅದು ಮೆಚ್ಚಬೇಕಾದ್ದೇ. ಏಕೆಂದರೆ ಕಳ್ಳದಾರಿಯೂ ಉಂಟು: 2023ರ ಆಗಸ್ಟಿನಲ್ಲಿ ಬೆಂಗಳೂರಿನ ವಿಮಾನನಿಲ್ದಾಣದಲ್ಲಿ ಬ್ಯಾಂಕಾಕಿನಿಂದ ಬಂದ ಪ್ರಯಾಣಿಕನೊಬ್ಬನ ಸಾಮಾನಿನಲ್ಲಿ ಹೆಬ್ಬಾವು, ಆಮೆ, ಓತಿ ಎಂದು 234 ಜೀವಿಗಳು ಸಿಕ್ಕಿದವು, ಅವುಗಳ ನಡುವೆ ಉಸಿರುಕಟ್ಟಿ ಸತ್ತ ಒಂದು ಕಾಂಗರೂ ಮರಿ. ಆದರೆ ನೋಂದಣಿಯ ಕಾಗದ ಪ್ರಾಣಿ ಎಲ್ಲಿಯದೆಂದು ಹೇಳುತ್ತದೆ. ಅದರ ತಲೆ ನೆಟ್ಟಗೆ ನಿಲ್ಲುವುದೇ ಎಂದು ಹೇಳುವುದಿಲ್ಲ. ಅದನ್ನು ಕೇಳಬೇಕಾದವನು ಕೊಳ್ಳುವವನು. ಮೂಗಿಗಿಂತ ಮೂಗುತಿ ಭಾರವಾಗಬಾರದೆಂದು ನಮ್ಮ ಹಿರಿಯರು ಹೆಣ್ಣುಮಕ್ಕಳಿಗೆ ಹೇಳಿದ ಮಾತು ಹಾವಿಗೂ ಹುಲಿಗೂ ಹೋರಿಗೂ ಸಲ್ಲುತ್ತದೆ.

ತರುಣ ಬಹಳ ಹೊತ್ತು ಸುಮ್ಮನಿದ್ದ. ಜೊತೆಗೆಂದು ಮುಂಗಡ ಕೊಟ್ಟಿದ್ದನಂತೆ. ಅದು ಮರಳಿ ಬರಲಿಲ್ಲವೆಂದು ಆಮೇಲೆ ತಿಳಿಯಿತು. ಹಾವು ಈಗಲೂ ಅವನ ಮನೆಯಲ್ಲಿದೆ, ಒಂಟಿಯಾಗಿ. ಮೊನ್ನೆ ನೋಡಲು ಹೋಗಿದ್ದೆ. ನೆಲಕ್ಕೆ ಮೈ ಚಾಚಿ ಮಲಗಿದ್ದಾಗ ಅದರಲ್ಲಿ ಯಾವ ಕುಂದೂ ಕಾಣದು. ಇಕ್ಕಳದ ಸದ್ದಿಗೆ ತಲೆಯೆತ್ತಿತು, ಕತ್ತು ತಿರುಚಿತು, ಒಮ್ಮೆ ತಪ್ಪಿತು, ಮತ್ತೊಮ್ಮೆ ತಪ್ಪಿತು. ಅವನು ಕೈ ಕದಲಿಸದೆ ಹಿಡಿದುಕೊಂಡೇ ಇದ್ದ. ಮೂರನೆಯ ಸಲ ಸಿಕ್ಕಿತು. ಅದಕ್ಕೆ ಈಗ ನಾಲ್ಕು ವರ್ಷ ವಯಸ್ಸು. ಇನ್ನೂ ಇಪ್ಪತ್ತು ವರ್ಷ ಬದುಕೀತು.



(ಆಕಾಶವಾಣಿಯ ಕೃಪೆಯಿಂದ)